ಟೈಪ್ ಮಿಸ್ಸಿನ ಅಜ್ಜನ ಊರು

ಅವರ ಗಲ್ಲದ ಕೆಳಗೆ ಒಂದು ಗೆರೆ ಇತ್ತು. ಗೆರೆಯಿಂದ ಮೇಲೆ ಪೌಡರಿನ ಬಿಳುಪು, ಕೆಳಗೆ ಕತ್ತಿನಲ್ಲಿ ನಮ್ಮದೇ ಬಣ್ಣ. ಬೇಸಿಗೆಯ ಮಧ್ಯಾಹ್ನ ಬೆವರಿಳಿದು ಆ ಗೆರೆ ಕದಡಿಹೋಗುತ್ತಿತ್ತು. ಆಗ ಪಾಠ ನಿಲ್ಲಿಸಿ ಒಳಕೋಣೆಗೆ ಹೋಗಿ ಮತ್ತೆ ಬಳಿದುಕೊಂಡು ಬರುತ್ತಿದ್ದರು. ಆ ಎರಡು ನಿಮಿಷ ನಾವು ಆರು ಜನ ಹುಡುಗಿಯರು ಬಾಯಿಗೆ ಕೈ ಒತ್ತಿಕೊಂಡು ನಗುತ್ತಿದ್ದೆವು. ನಕ್ಕಿದ್ದು ಅವರಿಗೆ ಗೊತ್ತಾಗುತ್ತಿತ್ತು. ಹೊರಗೆ ಬಂದವರೇ, ಯಾರು ಮೊದಲು ಸಿಕ್ಕಿದರೋ ಅವರ ಬೆರಳ ಗೆಣ್ಣಿನ ಮೇಲೆ ರೂಲುದೊಣ್ಣೆಯಿಂದ ಒಂದು ಬಿಗಿಯುತ್ತಿದ್ದರು.

ಊರೆಲ್ಲ ಅವರನ್ನು ಟೈಪ್ ಮಿಸ್ ಎನ್ನುತ್ತಿತ್ತು. ಯಶವಂತಪುರ ಸ್ಟೇಷನ್ನಿನ ಹಿಂದೆ ಹೆಂಚಿನ ಮನೆ. ಮನೆಯ ಮುಂಭಾಗದಲ್ಲಿ ಆರು ಟೈಪ್‌ರೈಟರ್ ಇಟ್ಟುಕೊಂಡು ಪಾಠ ಹೇಳುತ್ತಿದ್ದರು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ರೈಲ್ವೆಯಲ್ಲಿ ಡ್ರೈವರು, ಗಾರ್ಡುಗಳಾಗಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳು ಸಾಮಾನು ಮಾರಿ ಒಂದೊಂದಾಗಿ ಹಡಗು ಹತ್ತುತ್ತಿದ್ದವು. ಮಿಸ್ಸಿಗೆ ಆಗಲೇ ನಲವತ್ತೈದು ದಾಟಿತ್ತು. ಮದುವೆಯಾಗಿರಲಿಲ್ಲ. ಅವರ ಜೊತೆ ಇದ್ದವರು ಅವರ ಅಪ್ಪ ಒಬ್ಬರೇ, ರಿಟೈರಾದ ಎಂಜಿನ್ ಡ್ರೈವರು, ಹಾಸಿಗೆ ಹಿಡಿದವರು.

ನಮ್ಮದು ಮತ್ತಿಕೆರೆ. ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ನಮ್ಮ ಬೀದಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ ನಾನೊಬ್ಬಳೇ. ಜಾಲಹಳ್ಳಿಯಲ್ಲಿ ಕಾರ್ಖಾನೆಗಳು ಎದ್ದು ನಿಂತಿದ್ದವು. ಟೈಪಿಂಗ್ ಬಂದರೆ ಹೆಣ್ಣುಮಕ್ಕಳನ್ನೂ ಆಫೀಸಿಗೆ ತಗೋತಾರಂತೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದ್ದರು. ಹೊಸ ಸೀರೆ ಉಟ್ಟು, ತಲೆ ಬಾಚಿ, ಮೊದಲ ದಿನ ಹೋಗಿ ಅವರ ಮುಂದೆ ನಿಂತೆ.

"ತಲೆಗೆ ಏನು ಹಚ್ಚಿದ್ದೀಯ?"

"ಹರಳೆಣ್ಣೆ, ಮಿಸ್."

"ಹೋಗಿ ತೊಳ್ಕೊಂಡು ಬಾ. ನನ್ನ ಮೆಷಿನ್ನಿಗೆ ನಾನು ಬೇರೆ ಎಣ್ಣೆ ಹಾಕ್ತೀನಿ."

ಮತ್ತಿಕೆರೆಗೆ ವಾಪಸು ನಡೆದು, ಸೀಗೆಪುಡಿ ಹಾಕಿ ತಲೆ ತೊಳೆದು, ಒದ್ದೆ ಕೂದಲಲ್ಲೇ ಓಡಿಬಂದೆ. ಅವರು ಗೋಡೆ ಗಡಿಯಾರ ನೋಡಿ, "ಲೇಟ್. ನಾಳೆ ಬಾ," ಎಂದು ಬಾಗಿಲು ಹಾಕಿಕೊಂಡರು.

ಅವರು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ತಾತ್ಸಾರ ತೋರಿಸಬೇಕಾದಾಗ ಮಾತ್ರ ಕನ್ನಡ ಬರುತ್ತಿತ್ತು, ಅದರಲ್ಲಿ ಹಿರಿಯರಿಗೂ ಕಿರಿಯರಿಗೂ 'ನೀನು' ಒಂದೇ. ಪಾಠ ಹೇಳುವಾಗ ನಮ್ಮ ಕೈಗಳ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬ ಕತ್ತರಿಸಿ ಮಾಡಿದ ಮುಚ್ಚಳ ಕೂರಿಸುತ್ತಿದ್ದರು, ಅಕ್ಷರ ಕಾಣಬಾರದೆಂದು. "ಕಣ್ಣು ಕಾಗದದ ಮೇಲೆ. ಬೆರಳು ನೋಡಿದವಳು ಬೆರಳು ಕಳ್ಕೋತಾಳೆ," ಎನ್ನುವುದು ಅವರ ಮಾತು. ಆ ತಗಡಿನ ಅಂಚು ನನ್ನ ಎಡ ಮಣಿಕಟ್ಟಿನ ಮೇಲೆ ಬಿಟ್ಟ ಕಲೆ ಇನ್ನೂ ಇದೆ. ಇಡೀ ಪುಟದಲ್ಲಿ ಒಂದು ಅಕ್ಷರ ತಪ್ಪಿದರೆ ಹಾಳೆ ಎಳೆದು ಹರಿದು ನಮ್ಮ ಮಡಿಲಿಗೆ ಹಾಕುತ್ತಿದ್ದರು. ನನಗೆ ವಿಶೇಷವಾಗಿ ಒಂದು ಮಾತು ಮೀಸಲಿತ್ತು: "ಇದು ರಾಗಿ ಬೀಸೋ ಕೈ. ಮೆಷಿನ್ ಮುರಿಯುತ್ತೆ."

ಮುರಿಯಲಿಲ್ಲ. ಆರು ತಿಂಗಳಲ್ಲಿ ನನ್ನ ವೇಗ ಆರು ಜನರಲ್ಲಿ ಹೆಚ್ಚಿನದಾಗಿತ್ತು. ಹಠ ನನ್ನದು, ಆದರೆ ಆ ಹಠ ಹುಟ್ಟಿಸಿದವರು ಅವರು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಅಷ್ಟರಲ್ಲಿ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಹೊರಗೆ ಹೇಳಿಕೊಳ್ಳಲಿಲ್ಲ. ಒಂದು ದಿನ ಪಾಠ ಮುಗಿದ ಮೇಲೆ ನನ್ನನ್ನು ಉಳಿಸಿಕೊಂಡು ಒಂದು ನೀಲಿ ಏರ್‌ಮೇಲ್ ಕಾಗದ ಮುಂದಿಟ್ಟರು.

"ಓದು. ಏನಿದೆಯೋ ಅಷ್ಟೇ ಓದು. ನಿನ್ನ ಕಡೆಯಿಂದ ಏನೂ ಸೇರಿಸಬೇಡ."

ಹೀಗೆ ನಾನು ಅವರ ಕಣ್ಣಾದೆ. ಸಂಬಳವಿಲ್ಲದ ಕೆಲಸ, ಥ್ಯಾಂಕ್ಸೂ ಇಲ್ಲ. ಕಾಗದ ಇಂಗ್ಲೆಂಡಿನ ಕಡಲತಡಿಯ ಒಂದು ಸಣ್ಣ ಊರಿನದು. ಅಲ್ಲಿನ ಚರ್ಚಿನ ಹಳೆಯ ರಿಜಿಸ್ಟರುಗಳನ್ನು ಒಬ್ಬ ರಿಟೈರಾದ ಸ್ಕೂಲ್ ಮೇಷ್ಟ್ರು ನೋಡಿಕೊಳ್ಳುತ್ತಿದ್ದರು. ಆ ಊರಿನಲ್ಲಿ ಯಾರು ಯಾವಾಗ ಹುಟ್ಟಿದರು, ಯಾರನ್ನು ಮದುವೆಯಾದರು, ಎಲ್ಲಿ ಮಣ್ಣಾದರು ಎಂದು ಹುಡುಕಿ ಬರೆದಿಡುವುದು ಅವರಿಗೆ ಹುಚ್ಚು.

ಮಿಸ್ಸಿಗೆ ಅದು ಜೀವನ್ಮರಣದ ಪ್ರಶ್ನೆಯಾಗಿತ್ತು. ತಂದೆಯ ತಂದೆ ಇಂಗ್ಲೆಂಡಿನಲ್ಲೇ ಹುಟ್ಟಿದವರೆಂದು ಸಾಬೀತು ಮಾಡಿದರೆ ಅಲ್ಲಿಯ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದಿತ್ತು. ಅವರ ಅಜ್ಜ ಸಿಪಾಯಿಯಾಗಿ ಬೆಂಗಳೂರಿಗೆ ಬಂದು, ಸೈನ್ಯ ಬಿಟ್ಟ ಮೇಲೆ ರೈಲ್ವೆ ಸೇರಿದವರು. ಸೈನ್ಯದಿಂದ ಬಿಡುಗಡೆಯಾದ ಕಾಗದವೊಂದು ಮನೆಯಲ್ಲಿತ್ತು. ಅದರಲ್ಲಿ ಅಜ್ಜನ ಹೆಸರು, ವಯಸ್ಸು, ಅವರಪ್ಪನ ಹೆಸರು, ಆ ಕಡಲತಡಿಯ ಊರಿನ ಹೆಸರು ಇದ್ದವು. ಅಷ್ಟು ಹಿಡಿದುಕೊಂಡು ಮಿಸ್ ಆ ಚರ್ಚಿಗೆ ಬರೆದಿದ್ದರು.

ಮೇಷ್ಟ್ರು ಉದ್ದುದ್ದ ಕಾಗದ ಬರೆಯುತ್ತಿದ್ದರು. ದೋಣಿ ಕಟ್ಟುವವರ ಓಣಿ ಎಲ್ಲಿತ್ತು, ಮೀನಿನ ಬುಟ್ಟಿ ಹೊತ್ತ ಹೆಂಗಸರು ಯಾವ ಮೆಟ್ಟಿಲು ಹತ್ತಿ ಬರುತ್ತಿದ್ದರು, ಯಾವ ಬಿರುಗಾಳಿಗೆ ಎಷ್ಟು ದೋಣಿ ಮರಳಲಿಲ್ಲ, ಎಲ್ಲ ಬರೆಯುತ್ತಿದ್ದರು. ಚರ್ಚು ಸಮುದ್ರದ ಅಂಚಿನ ದಿಣ್ಣೆಯ ಮೇಲಿತ್ತಂತೆ. ಸಮುದ್ರ ಪ್ರತಿ ಚಳಿಗಾಲವೂ ದಿಣ್ಣೆಯನ್ನು ಒಂದಿಷ್ಟು ತಿಂದುಹಾಕುತ್ತಿದ್ದುದರಿಂದ, ಗೋರಿಕಲ್ಲುಗಳು ಉರುಳಿಹೋಗುವ ಮೊದಲು ಅವುಗಳ ಮೇಲಿನ ಬರಹವನ್ನು ಮೇಷ್ಟ್ರು ನಕಲು ಮಾಡಿಕೊಳ್ಳುತ್ತಿದ್ದರು. ನಾನು ಕಂಡ ದೊಡ್ಡ ನೀರೆಂದರೆ ಹೆಬ್ಬಾಳದ ಕೆರೆ. ಆದರೂ ಆ ಊರಿನ ಓಣಿಗಳಲ್ಲಿ ನಾನು ಕಣ್ಣುಮುಚ್ಚಿ ನಡೆಯಬಲ್ಲೆ ಎನ್ನಿಸುವಷ್ಟು ಓದಿದೆ. ಮಿಸ್ ಕಣ್ಣುಮುಚ್ಚಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಮಾತ್ರ ಅವರ ಕೈಯಲ್ಲಿ ರೂಲುದೊಣ್ಣೆ ಇರುತ್ತಿರಲಿಲ್ಲ.

ಕೊನೆಗೊಂದು ದಿನ ಅಜ್ಜನ ಬ್ಯಾಪ್ಟಿಸಮ್ಮಿನ ದಾಖಲೆ, ಚರ್ಚಿನ ಮೊಹರಿನ ಸಮೇತ ಬಂತು. ದೋಣಿ ಕಟ್ಟುವವನ ಮಗ. ಹೆಸರು ಸರಿ, ಅಪ್ಪನ ಹೆಸರು ಸರಿ. ವಯಸ್ಸಿನಲ್ಲಿ ನಾಲ್ಕು ವರ್ಷದ ವ್ಯತ್ಯಾಸವಿತ್ತು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಮಿಸ್ ಆ ಕಾಗದವನ್ನು ಮುಖಕ್ಕೆ ಒತ್ತಿಕೊಂಡು ಅತ್ತರು. ಮರುದಿನ ನಮಗೆಲ್ಲ ಎರಡೆರಡು ಬಿಸ್ಕತ್ತು ಕೊಟ್ಟರು. ಅವರ ಹಲ್ಲು ನಾವು ಕಂಡದ್ದು ಅಂದೇ.

ಅವರ ಅಪ್ಪನ ವಿಷಯ ಹೇಳಬೇಕು. ಒಳಕೋಣೆಯಲ್ಲಿ ಕಬ್ಬಿಣದ ಮಂಚದ ಮೇಲೆ ಮಲಗಿರುತ್ತಿದ್ದರು. ಲಕ್ವ ಹೊಡೆದ ಮೇಲೆ ಮುದುಕರಿಗೆ ಇಂಗ್ಲಿಷು ಮರೆತುಹೋಗಿತ್ತು. ಉಳಿದದ್ದು ಕನ್ನಡ, ಅದೂ ನಮ್ಮ ಹಳ್ಳಿಗಳ ಕಡೆಯ ಕನ್ನಡ. ಪಾಠದ ನಡುವೆ ಒಳಗಿನಿಂದ ಕೂಗು ಬರುತ್ತಿತ್ತು: "ಅವ್ವಾ, ನೀರ್ ಕೊಡವ್ವಾ..."

ಮಿಸ್ ಹೋಗಿ ಬಾಗಿಲಲ್ಲಿ ನಿಂತು, "ಇಂಗ್ಲಿಷಿನಲ್ಲಿ ಕೇಳಿ, ಡ್ಯಾಡಿ," ಎನ್ನುತ್ತಿದ್ದರು. ಅವರು ಮತ್ತೆ ಕನ್ನಡದಲ್ಲೇ ಕೂಗುತ್ತಿದ್ದರು. ಮಿಸ್ ಬಾಗಿಲು ಮುಚ್ಚಿ ಬಂದು, "ಯಾಕೆ ನಿಲ್ಸಿದ್ರಿ? ಟೈಪ್ ಮಾಡಿ," ಎಂದು ನಮ್ಮ ಮೇಲೆ ಹರಿಹಾಯುತ್ತಿದ್ದರು. ಆರು ಯಂತ್ರಗಳ ಸದ್ದಿನಲ್ಲಿ ಆ ಕೂಗು ಮುಚ್ಚಿಹೋಗುತ್ತಿತ್ತು. 'ವಾಟರ್' ಎಂಬ ಒಂದು ಮಾತು ಅವರ ಬಾಯಿಂದ ಬೀಳುವವರೆಗೆ ಲೋಟ ಒಳಗೆ ಹೋಗುತ್ತಿರಲಿಲ್ಲ. ಕೆಲವು ದಿನ ಅದು ಬೀಳುತ್ತಿತ್ತು. ಕೆಲವು ದಿನ ಬೀಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಿಸ್ ಅಂಚೆಗೆ ಹೋಗಿದ್ದಾಗ ನಾನು ಒಳಗೆ ಹೋಗಿ ನೀರು ಕುಡಿಸಿದೆ. ಮುದುಕರು ಲೋಟ ಕಚ್ಚಿ ಹಿಡಿದು ಕುಡಿದರು. ಆಮೇಲೆ ನನ್ನ ಬಳೆ ಮುಟ್ಟಿ ನೋಡಿದರು.

"ಯಾವೂರವ್ವ ನಿಂದು?"

"ಮತ್ತಿಕೆರೆ, ತಾತ."

"ನಮ್ಮವ್ವ ಅಲ್ಲಾಳಸಂದ್ರದೋಳು. ಯಲಂಕದ ತಾವು. ಮುನಿತಾಯಮ್ಮ ಅಂತ. ಮೇರಿ ಅಂತ ಎಸರು ಮಡಗಿದ್ರು, ಆದ್ರೂ ನಮ್ಮಪ್ಪ ಮುನಿ ಅಂತ್ಲೇ ಕೂಗೋರು." ಮತ್ತೆ ಹೇಳಿದರು: "ಸಾಯೋಗಂಟ ನಮ್ಮವ್ವ ರಾಗಿ ಮುದ್ದೆನೇ ಉಂಡ್ಲು. ಇವಳು ನಂಗೆ ಇಕ್ಕಾಕಿಲ್ಲ."

ಮಿಸ್ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. ನನ್ನ ಕೆನ್ನೆಗೆ ಒಂದು ಬಾರಿಸಿ, ಕನ್ನಡದಲ್ಲಿ ಹೇಳಿದರು: "ನಿನ್ನ ಕೈ ನೀರು ನಮ್ಮಪ್ಪ ಕುಡಿಯೋ ಹಾಗಾಯ್ತಾ?"

ಅರ್ಜಿಯ ಜೊತೆ ಕಳಿಸಬೇಕಿದ್ದ ವಂಶವೃಕ್ಷದ ಪ್ರತಿಯನ್ನು ನಾನೇ ಟೈಪ್ ಮಾಡಿದ್ದೆ. ಅದರಲ್ಲಿ ಅಜ್ಜನ ಹೆಸರಿನ ಮುಂದೆ ಹೆಂಡತಿ 'ಮೇರಿ' ಎಂದಷ್ಟೇ ಇತ್ತು. ಊರಿಲ್ಲ, ಅಪ್ಪನ ಹೆಸರಿಲ್ಲ. ಯಲಹಂಕದ ಹತ್ತಿರದ ಆ ಹಳ್ಳಿಗೆ ಯಶವಂತಪುರದಿಂದ ಸೈಕಲ್ಲಿನಲ್ಲಿ ಹೋಗಿಬರಬಹುದಿತ್ತು. ಆರು ಸಾವಿರ ಮೈಲಿ ಆಚೆಯ ಊರಿನ ಗೋರಿಕಲ್ಲು ಓದಿಸಿದವರು ಇಲ್ಲಿ ಯಾರನ್ನೂ ಒಂದು ಮಾತು ಕೇಳಲಿಲ್ಲ.

ಕೆನ್ನೆಗೆ ಬಿದ್ದದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಬಿಡಿಸಿಬಿಡುತ್ತಾರೆಂಬ ಭಯ. ಅದು ಗೊತ್ತಿಲ್ಲದ ಅಪ್ಪ, ಪರೀಕ್ಷೆಯ ಫಾರಂ ತುಂಬುವ ಸಮಯ ಬಂದಾಗ ಒಂದು ಬುಟ್ಟಿ ದ್ರಾಕ್ಷಿ ಹೊತ್ತುಕೊಂಡು ತಾವೇ ಬಂದರು. ಎಲೆ ಹಾಸಿ, ಗೊಂಚಲು ಆರಿಸಿ ಜೋಡಿಸಿದ್ದರು. ಹೊಸಲಿನ ಹೊರಗೆ ಮೆಟ್ಟು ಬಿಟ್ಟು ಕೈಮುಗಿದರು.

"ಅಲ್ಲೇ ನಿಲ್ಲು," ಎಂದರು ಮಿಸ್. "ಒಳಗೆ ಬರಬೇಡ. ಏನದು?"

"ನಮ್ಮ ತೋಟದ್ದು ಕಣಮ್ಮ. ನಮ್ಮ ಹುಡುಗೀಗೆ ಇಷ್ಟು ಇದ್ಯೆ ಕಲಿಸಿದ್ರಲ್ಲ, ನಿಮ್ಮನ್ನ ಎಂಗೆ ಮರೆಯಾದು ಅಂತ..."

"ನಿನ್ನ ಮಗಳಿಗೆ ಟೈಪಿಂಗ್ ಬರುತ್ತೆ. ಆಫೀಸಿನಲ್ಲಿ ಕೂರೋದು ಬರಲ್ಲ. ಎಷ್ಟು ತೊಳೆದ್ರೂ ಸಗಣಿ ವಾಸನೆ ಹೋಗಲ್ಲ. ದನ ಕಾಯೋಕೆ ಕಳಿಸು." ಅಷ್ಟು ಹೇಳಿ, ಬುಟ್ಟಿಯನ್ನು ಕಾಲಿನಿಂದ ಹೊಸಲಿನಾಚೆ ತಳ್ಳಿದರು. ಗೊಂಚಲುಗಳು ಮೆಟ್ಟಿಲ ಮೇಲೆ ಚೆಲ್ಲಿದವು.

ಅಪ್ಪ ಬಗ್ಗಿ ಒಂದೊಂದೇ ಗೊಂಚಲು ಎತ್ತಿ ಬುಟ್ಟಿಗೆ ಹಾಕಿಕೊಂಡರು. ನನ್ನ ಕಡೆ ನೋಡಲಿಲ್ಲ. ಐದು ಹುಡುಗಿಯರು ನೋಡುತ್ತಿದ್ದರು. ನನ್ನ ಬೆರಳುಗಳು ತಗಡಿನ ಮುಚ್ಚಳದ ಕೆಳಗಿದ್ದವು. ನಾನು ಎದ್ದು ಹೋಗಿ ಅಪ್ಪನ ಜೊತೆ ಗೊಂಚಲು ಆರಿಸಲಿಲ್ಲ.

ಮೇಷ್ಟ್ರ ಇನ್ನೊಂದು ಕಾಗದ ಬಂದದ್ದು ಮೂರನೆಯ ದಿನ.

ಪೋಸ್ಟ್‌ಮ್ಯಾನ್ ಪಾಠದ ಮಧ್ಯೆಯೇ ನನ್ನ ಕೈಗೆ ಕೊಟ್ಟುಹೋದ. ಪಾಠ ಮುಗಿಯುವ ತನಕ ಮಿಸ್ ತಾಳುತ್ತಿರಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಓದಿಸಿಕೊಳ್ಳುತ್ತಿದ್ದರು. ಅಂದೂ "ಬಾ" ಎಂದು ಒಳಕೋಣೆಯ ಕಡೆ ತಿರುಗಿದರು. ನಾನು ಕೂತಲ್ಲೇ ಕವರು ಹರಿದು ಒಂದು ಸಲ ಕಣ್ಣಾಡಿಸಿದೆ. ಅದರಲ್ಲಿ ಏನಿದೆ ಎಂದು ನನಗೆ ತಿಳಿಯಿತು. ತಿಳಿದ ಮೇಲೆ ಎದ್ದು ನಿಂತು, ಅಲ್ಲಿಂದಲೇ, ಎಲ್ಲರಿಗೂ ಕೇಳುವ ಹಾಗೆ ಓದಿದೆ.

ಮೇಷ್ಟ್ರು ಬಹಳ ನೊಂದು ಬರೆದಿದ್ದರು. ದಿಣ್ಣೆಯ ಅಂಚಿನ ಗೋರಿಗಳನ್ನು ನಕಲು ಮಾಡುವಾಗ ಪಾಚಿ ಕೆರೆದು ನೋಡಿದರೆ ಒಂದು ಸಣ್ಣ ಕಲ್ಲು ಸಿಕ್ಕಿತಂತೆ. ಮಿಸ್ಸಿನ ಅಜ್ಜನ ಹೆಸರೇ. ದೋಣಿ ಕಟ್ಟುವವನ ಮಗ, ಮೂರು ವರ್ಷಕ್ಕೆ ಜ್ವರದಿಂದ ತೀರಿಕೊಂಡವನು. ಮಣ್ಣು ಮಾಡಿದ ರಿಜಿಸ್ಟರಿನಲ್ಲೂ ಅದೇ ಇದೆ. ಆ ದಂಪತಿಗೆ ಆ ಹೆಸರಿನ ಬೇರೆ ಮಗ ಹುಟ್ಟಿದ್ದು ನಮ್ಮ ಪುಸ್ತಕದಲ್ಲಿಲ್ಲ. ಹಾಗಾಗಿ ನಿಮ್ಮ ಅಜ್ಜ ಈ ಹುಡುಗನಾಗಿರಲು ಸಾಧ್ಯವಿಲ್ಲ. ಸೈನ್ಯ ಸೇರುವಾಗ ಬೇರೆಯವರ ಹೆಸರು ಹೇಳಿಕೊಂಡವರು ಆ ಕಾಲದಲ್ಲಿ ಇದ್ದರು. ಅವರು ನಿಜವಾಗಿ ಯಾರೆಂದು ತಿಳಿಯುವ ದಾರಿ ನನಗೆ ಕಾಣುತ್ತಿಲ್ಲ.

ಟೈಪಿಂಗ್ ನಿಂತಿತ್ತು. ಮಿಸ್ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು. ಕಾಗದ ಅಲ್ಲಿಗೆ ಮುಗಿದಿತ್ತು. ನಾನು ಮುಗಿಸಲಿಲ್ಲ. ಅಂದು ನನಗೆ ಸಿಟ್ಟು ಬಂದಿತ್ತು ಎಂದರೆ ಅರ್ಧವೇ ನಿಜ, ಸಂತೋಷವೂ ಆಗಿತ್ತು. ಕಾಗದ ಮಡಿಸುತ್ತ ಕನ್ನಡದಲ್ಲಿ ಹೇಳಿದೆ:

"ಹಾಗಾದ್ರೆ ಮಿಸ್, ನಿಮಗೆ ಅಂತ ಗೊತ್ತಿರೋ ಅಜ್ಜಿ ಒಬ್ರೇ ಉಳಿದ್ರು. ಅಲ್ಲಾಳಸಂದ್ರದ ಮುನಿತಾಯಮ್ಮ."

ಯಾರೋ ಕಿಸಕ್ಕೆಂದು ನಕ್ಕರು. ಮಿಸ್ ನನ್ನ ಹತ್ತಿರ ಬಂದರು. ಹೊಡೆಯುತ್ತಾರೆಂದು ಕಾದೆ. ಕೈಯಿಂದ ಕಾಗದ ತೆಗೆದುಕೊಂಡು, "ಯಾರು ನಿಮಗೆ ನಿಲ್ಸೋಕೆ ಹೇಳಿದ್ದು? ಇಪ್ಪತ್ತೆರಡನೇ ಪಾಠ. ಮೊದಲಿಂದ," ಎಂದರು. ಆರು ಯಂತ್ರಗಳೂ ಶುರುವಾದವು. ನಾನೂ ಟೈಪ್ ಮಾಡಿದೆ. ಒಂದೂ ತಪ್ಪಿರಲಿಲ್ಲ.

ನಾನು ಏನು ಮಾಡಿದೆನೆಂದು ಪೂರ್ತಿ ಗೊತ್ತಾದದ್ದು ಆಮೇಲೆ. ಬ್ಯಾಪ್ಟಿಸಮ್ಮಿನ ದಾಖಲೆ ಮಿಸ್ಸಿನ ಕೈಯಲ್ಲಿತ್ತು. ಗೋರಿಕಲ್ಲಿನ ವಿಷಯ ಯಾರೂ ಕೇಳುತ್ತಿರಲಿಲ್ಲ. ಅವರು ಆ ಒಂದು ಕಾಗದವನ್ನು ಒಲೆಗೆ ಹಾಕಿ, ಉಳಿದದ್ದನ್ನು ಮದರಾಸಿನ ಬ್ರಿಟಿಷ್ ಕಚೇರಿಗೆ ಕಳಿಸಿದ್ದರೆ ಕೆಲಸ ಆಗಿಬಿಡಬಹುದಿತ್ತು. ಹಾಗೆಯೇ ಮಾಡಲು ಹೊರಟಿದ್ದರು ಕೂಡ. ಆದರೆ ವಂಶದ ವಿವರ ನಿಜವೆಂದು ಅವರ ಚರ್ಚಿನ ಪಾದ್ರಿ ಸಹಿ ಹಾಕಬೇಕಿತ್ತು. ನಮ್ಮ ಆರು ಜನರಲ್ಲಿ ಇಬ್ಬರು ಅಕ್ಕತಂಗಿಯರು ರೈಲ್ವೆ ಕ್ವಾರ್ಟರ್ಸಿನವರು, ಅದೇ ಚರ್ಚಿಗೆ ಹೋಗುವವರು. ಭಾನುವಾರದ ಹೊತ್ತಿಗೆ ವಿಷಯ ಚರ್ಚೆಲ್ಲ ಹರಡಿತ್ತು. "ಗೊತ್ತಿದ್ದೂ ದೇವರ ಮುಂದೆ ಸುಳ್ಳಿಗೆ ಸಹಿ ಹಾಕಲಾರೆ," ಎಂದು ಪಾದ್ರಿಗಳು ಫಾರಂ ವಾಪಸು ಕೊಟ್ಟರಂತೆ. ಚರ್ಚಿನಲ್ಲಿ ಹೆಂಗಸರು ಮಿಸ್ ಕೂರುತ್ತಿದ್ದ ಬೆಂಚಿನಲ್ಲಿ ಜಾಗ ಬಿಟ್ಟು ಕೂರತೊಡಗಿದರು. ಹೆಸರಿಲ್ಲದವಳು ಎಂದು ಅವರಿಗೆ ಅಡ್ಡಹೆಸರು ಬಿತ್ತು.

ಮಿಸ್ ನನ್ನನ್ನು ಓಡಿಸಲಿಲ್ಲ. ಅದೇ ತಗಡು, ಅದೇ ರೂಲುದೊಣ್ಣೆ. ಪರೀಕ್ಷೆಯ ಫಾರಮ್ಮನ್ನು ತಾವೇ ಕಳಿಸಿದರು. ಕಾಗದ ಓದಲು ಮಾತ್ರ ಮತ್ತೆ ಕರೆಯಲಿಲ್ಲ. ಓದುವ ಕಾಗದವೂ ಇರಲಿಲ್ಲ, ಅವರು ಮೇಷ್ಟ್ರಿಗೆ ಬರೆಯುವುದನ್ನೇ ನಿಲ್ಲಿಸಿದ್ದರು. ನಾನು ಟೈಪಿಂಗಿನ ಲೋಯರು, ಹೈಯರು ಪರೀಕ್ಷೆ ಎರಡೂ ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಜಾಲಹಳ್ಳಿಯ ಕಾರ್ಖಾನೆಯೊಂದಕ್ಕೆ ಟೈಪಿಸ್ಟು ಬೇಕೆಂದು ತಿಳಿದಾಗ, ಕಲಿಸಿದವರ ಶಿಫಾರಸು ಪತ್ರ ಬೇಕಾಯಿತು. ತಲೆ ತಗ್ಗಿಸಿ ಹೋಗಿ ಕೇಳಿದೆ. ಅವರು ಯಂತ್ರದ ಮುಂದೆ ಕೂತು, ಕಾಣದ ಕಣ್ಣಿನಲ್ಲಿ, ಒಂದೂ ಅಕ್ಷರ ತಪ್ಪದೆ ಟೈಪ್ ಮಾಡಿ ಕೊಟ್ಟರು. ಎರಡೇ ಸಾಲು: 'ಈ ಹುಡುಗಿ ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದುತ್ತಾಳೆ. ಇವಳ ಬೇರೆ ಗುಣಗಳ ಬಗ್ಗೆ ನಾನು ಏನೂ ಹೇಳಲಾರೆ.'

ಸಂದರ್ಶನ ಮಾಡಿದ ಆಫೀಸರು ಅದನ್ನು ಓದಿ ನಕ್ಕರು. "ಟೈಪಿಸ್ಟಿಗೆ ಇನ್ನೇನು ಬೇಕು?" ಎಂದು ಕೆಲಸ ಕೊಟ್ಟರು.

ಆ ವರ್ಷದ ಕೊನೆಗೆ ಅವರ ಅಪ್ಪ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಆಮೇಲೆ ಇಂಗ್ಲೆಂಡಿನ ಕಾನೂನು ಬಿಗಿಯಾಯಿತು, ಹೊರಡುವವರೂ ಕಡಿಮೆಯಾದರು. ಪೂರ್ತಿ ಕುರುಡಾದ ಮೇಲೆ ಮಿಸ್ ಇನ್‌ಸ್ಟಿಟ್ಯೂಟ್ ಮುಚ್ಚಿದರೆಂದೂ, ಮುಂಭಾಗವನ್ನು ಸೈಕಲ್ ಶಾಪಿಗೆ ಬಾಡಿಗೆಗೆ ಕೊಟ್ಟು ಒಳಕೋಣೆಯಲ್ಲಿ ಒಬ್ಬರೇ ಇದ್ದಾರೆಂದೂ ಕೇಳುತ್ತಿದ್ದೆ. ಕಾರ್ಖಾನೆಯ ಬಸ್ಸು ದಿನಾ ಬೆಳಿಗ್ಗೆ ಆ ಮನೆಯ ಮುಂದೆಯೇ ಹೋಗುತ್ತಿತ್ತು. ನಾನು ಆ ಕಡೆಯ ಕಿಟಕಿ ಬಿಟ್ಟು ಕೂರುತ್ತಿದ್ದೆ. ಹೀಗೆ ಐದಾರು ವರ್ಷ ಕಳೆದವು.

ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಹಳೆಯ ಪೋಸ್ಟ್‌ಮ್ಯಾನ್ ನನ್ನನ್ನು ಗುರುತು ಹಿಡಿದ.

"ಏನಮ್ಮಾ, ಚೆನ್ನಾಗಿದೀರಾ? ನಿಮ್ಮ ಟೈಪ್ ಮಿಸ್ ಆಸ್ಪತ್ರೇಲವ್ರೆ ಕಣಮ್ಮ, ಕಂಟೋನ್ಮೆಂಟ್ ಕಡೆ. ಇನ್ನು ಬರೋ ಹಂಗಿಲ್ಲ ಅಂತಾವ್ರೆ. ಅವರ್ದೊಂದು ಫಾರಿನ್ ಕಾಗದ ಬಂದದೆ. ಸೈಕಲ್ ಶಾಪೋನು ತಗೊಳ್ಳಲ್ಲ ಅಂತಾನೆ. ನೀವೇ ಮುಟ್ಟಿಸ್ತೀರಾ?"

ಬಸ್ಸಿನಲ್ಲಿ ಕೂತು ಒಡೆದು ಓದಿದೆ. ಒಡೆಯಬಾರದಿತ್ತು. ಬರೆದವರು ಅದೇ ಮೇಷ್ಟ್ರು, ಅಕ್ಷರ ನಡುಗುತ್ತಿತ್ತು. ತಮ್ಮಿಂದ ಒಂದು ದೊಡ್ಡ ತಪ್ಪಾಗಿದೆ ಎಂದು ಬರೆದಿದ್ದರು. ಅಕ್ಕಪಕ್ಕದ ಊರುಗಳ ರಿಜಿಸ್ಟರುಗಳನ್ನು ಈಗ ನಕಲು ಮಾಡುತ್ತಿರುವಾಗ, ಪಕ್ಕದ ಊರಿನ ಚರ್ಚಿನಲ್ಲಿ ಆ ಹೆಸರು ಮತ್ತೆ ಸಿಕ್ಕಿದೆ. ಅದೇ ತಂದೆ, ಅದೇ ತಾಯಿ. ಮೊದಲ ಮಗು ಸತ್ತ ಮರುವರ್ಷ ತಾಯಿ ಹೆರಿಗೆಗೆ ತವರಿಗೆ ಹೋಗಿದ್ದಾಳೆ. ಅಲ್ಲಿ ಹುಟ್ಟಿದ ಮಗನಿಗೆ ಸತ್ತವನ ಹೆಸರನ್ನೇ ಇಟ್ಟಿದ್ದಾರೆ. ಆ ಕಾಲದಲ್ಲಿ ನಮ್ಮಲ್ಲಿ ಇದು ಸಾಮಾನ್ಯವಾಗಿತ್ತು, ನನಗೂ ಗೊತ್ತಿತ್ತು, ಆದರೂ ಪಕ್ಕದ ಊರಿನ ಪುಸ್ತಕ ನೋಡದೆ ನಿಮಗೆ ಬರೆದುಬಿಟ್ಟೆ. ಸೈನ್ಯದ ಕಾಗದದಲ್ಲಿನ ವಯಸ್ಸೂ ಇವನಿಗೇ ಹೊಂದುತ್ತದೆ. ನಿಮ್ಮ ಅಜ್ಜ ಯಾರ ಹೆಸರನ್ನೂ ಕದಿಯಲಿಲ್ಲ. ಅದು ಅವರದೇ ಹೆಸರು.

ಅಂದು ಕೆಲಸಕ್ಕೆ ಹೋಗಲಿಲ್ಲ.

ಆಸ್ಪತ್ರೆಯ ಜನರಲ್ ವಾರ್ಡು. ಮುಖದ ಮೇಲೆ ಪೌಡರು ಇರಲಿಲ್ಲ. ನಮ್ಮ ಬೀದಿಯ ಯಾವುದೇ ಮುದುಕಿಯ ಹಾಗೆ ಕಾಣುತ್ತಿದ್ದರು. ಹತ್ತಿರ ಹೋಗಿ "ಮಿಸ್" ಎಂದೆ.

"ನೀನಾ," ಎಂದರು ಕೂಡಲೇ. ಆಮೇಲೆ, "ಈಗ ಸ್ಪೀಡ್ ಎಷ್ಟು?"

"ಎಂಬತ್ತು, ಮಿಸ್."

"ಸುಳ್ಳು."

"ಎಪ್ಪತ್ತೆರಡು."

"ಹ್ಞೂಂ. ಯಾಕೆ ಬಂದೆ?"

ಕಾಗದ ಬಂದಿದೆ ಎಂದೆ. ಬಗ್ಗಿ ಅವರ ಕಿವಿಯ ಹತ್ತಿರ ಓದತೊಡಗಿದೆ. ಎರಡು ಸಾಲು ಆಗುವಷ್ಟರಲ್ಲಿ ಕೈ ಎತ್ತಿ ತಡೆದರು.

"ಯಾಕೆ ಪಿಸುಗುಟ್ತೀಯ? ಆವತ್ತು ಗಂಟಲು ಚೆನ್ನಾಗಿತ್ತಲ್ಲ. ನಿಂತ್ಕೊಂಡು ಓದು."

ನಿಂತುಕೊಂಡು ಓದಿದೆ. ವಾರ್ಡಿನ ಹೆಂಗಸರೆಲ್ಲ ತಿರುಗಿ ನೋಡಿದರು. ಯಾರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದ ಮಂಚದ ದೇವನಹಳ್ಳಿಯ ಮುದುಕಿಯೊಬ್ಬಳು ಅದು ಪ್ರಾರ್ಥನೆ ಇರಬೇಕೆಂದು ಎದ್ದು ಕೂತು ಕೈಮುಗಿದಳು. ಮಿಸ್ಸಿನ ಮುಖ ಅಲುಗಲಿಲ್ಲ. ಓದಿ ಮುಗಿದ ಮೇಲೆ ಕೇಳಿದರು:

"ಇದನ್ನ ಕೇಳಬೇಕಾಗಿದ್ದೋರು ಇಲ್ಲಿ ಯಾರಿದ್ದಾರೆ?"

ನಾನು ಅಳುತ್ತ, "ಮಿಸ್, ಆವತ್ತು ನಾನು ಒಳಗೆ ಬಂದು ಓದಬೇಕಾಗಿತ್ತು. ನನ್ನದು ತಪ್ಪಾಯ್ತು," ಎಂದೆ.

"ನೀನು ಓದಿದ್ದರಲ್ಲಿ ಒಂದು ತಪ್ಪೂ ಇರಲಿಲ್ಲ. ಬರೆದೋನದು ತಪ್ಪು. ಅವನನ್ನ ಕ್ಷಮಿಸಬಹುದು, ಅವನಿಗೆ ಗೊತ್ತಿರಲಿಲ್ಲ." ಉಸಿರು ಎಳೆದುಕೊಂಡು ಮುಂದುವರಿಸಿದರು. "ನಿನಗೆ ಗೊತ್ತಿತ್ತು. ನಾನು ಒಳಗೆ ಬಾ ಅಂದಿದ್ದೆ."

ನಾನು ಹೊರಡಲು ತಿರುಗಿದಾಗ ಅವರೇ ಮಾತು ತೆಗೆದರು. ನನಗೆ ಹೇಳಿದರೋ ಗೋಡೆಗೆ ಹೇಳಿದರೋ ತಿಳಿಯದು.

"ಡ್ಯಾಡಿ ಹೋದ ದಿನ ನೀರು ಕೇಳಿದ್ರು. ಅವ್ವಾ ಅಂದ್ರು. ಇಂಗ್ಲಿಷಿನಲ್ಲಿ ಕೇಳಿ ಅಂದೆ. ಆ ಅಜ್ಜ ಇಲ್ಲ ಅಂದ್ಮೇಲೆ ಇಂಗ್ಲಿಷೊಂದಾದ್ರೂ ಉಳೀಲಿ ಅಂತ ಹಠ ಮಾಡಿದೆ. ಲೋಟ ಕೈಯಲ್ಲೇ ಇತ್ತು." ನಾನು ಬಾಗಿಲು ದಾಟುವವರೆಗೂ ಗೋಡೆಯ ಕಡೆಗೇ ಮುಖ ಮಾಡಿಕೊಂಡು ಮಲಗಿದ್ದರು.

ನಾಲ್ಕನೆಯ ದಿನ ತೀರಿಕೊಂಡರು. ಮಣ್ಣಿಗೆ ಅಂದು ಸಹಿ ಹಾಕದ ಅದೇ ಪಾದ್ರಿಗಳು, ಸೈಕಲ್ ಶಾಪಿನವನು, ಪೋಸ್ಟ್‌ಮ್ಯಾನ್, ನಾನು, ಇಷ್ಟೇ ಜನ. ಕ್ವಾರ್ಟರ್ಸಿನ ಅಕ್ಕತಂಗಿಯರು ಆಗಲೇ ಆಸ್ಟ್ರೇಲಿಯಾ ಸೇರಿದ್ದರು.

ಅವರು ಕಲಿಸಿದ ವಿದ್ಯೆಯಿಂದ ಮೂವತ್ತೊಂದು ವರ್ಷ ಅನ್ನ ಉಂಡೆ. ಅಪ್ಪನ ತೋಟ ಹೋದ ಮೇಲೆ ತಮ್ಮಂದಿರನ್ನು ಓದಿಸಿದ್ದು, ತಂಗಿಯ ಮದುವೆ ಮಾಡಿದ್ದು ಈ ಹತ್ತು ಬೆರಳಿನಿಂದ. ಅವರನ್ನು ಗುರು ಎಂದು ನೆನೆಯಲು ಹೋದರೆ ಮೆಟ್ಟಿಲ ಮೇಲೆ ಬಗ್ಗಿದ ಅಪ್ಪ ಕಾಣುತ್ತಾರೆ. ಬೈಯಲು ಹೋದರೆ, ಬಾಗಿಲ ಚೌಕಟ್ಟು ಹಿಡಿದು ನಿಂತ ಅವರು ಕಾಣುತ್ತಾರೆ. ಎರಡನ್ನೂ ಪೂರ್ತಿ ಮಾಡಲು ನನ್ನಿಂದ ಈವರೆಗೆ ಆಗಿಲ್ಲ.

ಮಣ್ಣು ಮುಚ್ಚಿದ ಮೇಲೆ ನಾನು ಬ್ಯಾಗಿನಿಂದ ಮೇಷ್ಟ್ರ ಆ ಕಾಗದ ತೆಗೆದು ಪಾದ್ರಿಗಳ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಂತಲ್ಲೇ ಪೂರ್ತಿ ಓದಿದರು. ಮಡಿಸಿದರು. ಮತ್ತೆ ಬಿಡಿಸಿ ಒಂದು ಕಡೆ ಓದಿದರು.

"ಇದನ್ನ ಈಗ ನಾನು ಏನು ಮಾಡ್ಲಿ, ಅಮ್ಮಾ?" ಎಂದರು.

"ನೀವೇ ಇಟ್ಕೊಳ್ಳಿ ಫಾದರ್," ಎಂದೆ. ಅದನ್ನು ನನ್ನ ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ.